ಹುಣಿಸೆ ನಾರು

ಮೋಟಾರಿನ ಹಲಗೆ ಎತ್ತುವ ಸದ್ದಿಗಾಗಿ ನೀಲಾಂಬಿಕೆ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತೇ ಇದ್ದಳು. ಕೈಯಲ್ಲಿ ಚೊಂಬಿತ್ತು, ಚೊಂಬಿನಲ್ಲಿ ನೀರಿರಲಿಲ್ಲ. ದಿನಾ ಬೆಳಗ್ಗೆ ಆ ಸದ್ದು ಕೇಳಬೇಕು. ಮೊದಲು ಹಲಗೆಯ ಕಿರ್ರೆನ್ನುವ ದನಿ, ಆಮೇಲೆ ಬೂದಿನೀರಿನ ತಂಬಿಗೆಯನ್ನು ಕಲ್ಲಿನ ಮೇಲಿಟ್ಟ ಟಣ್ಣೆನ್ನುವ ಸದ್ದು, ಆಮೇಲೆ ಡ್ರೈವರ್ ಮಾದೇವ ಹಟಮಾರಿ ಎಮ್ಮೆಯನ್ನು ಬೈಯುವ ಹಾಗೆ ಬ್ಯಾಟರಿಯನ್ನು ಬೈಯುವುದು. ಬ್ಯಾಟರಿಯ ತಲೆಯ ಮೇಲಿನ ಎರಡು ಸೀಸದ ಮೊಳೆಗಳನ್ನೂ ಅವನ್ನು ಕಚ್ಚಿಕೊಂಡ ಹಿತ್ತಾಳೆ ಹಿಡಿಗಳನ್ನೂ ಅವನು ಬೂದಿನೀರಿನಲ್ಲಿ ತೊಳೆಯುತ್ತಿದ್ದ, ಒಣಬಟ್ಟೆಯಲ್ಲಿ ಒರೆಸುತ್ತಿದ್ದ, ಜಿಡ್ಡು ಸವರುತ್ತಿದ್ದ. ವೈರನ್ನು ಇಲಿ ಕಡಿದಿದೆಯೇ ಎಂದು ಬೆರಳಲ್ಲಿ ತಡವುತ್ತಾ ಹೋಗುತ್ತಿದ್ದ, ಕುರುಡರು ಮುಖ ತಡವುವ ಹಾಗೆ. ಇಷ್ಟೂ ನಡೆದ ದಿನ ಮೋಟಾರು ದಾರಿಯಲ್ಲಿ ನಿಲ್ಲುತ್ತಿರಲಿಲ್ಲ. ನಿಲ್ಲದ ದಿನ ಗಂಡ ಹೊಡೆಯುತ್ತಿರಲಿಲ್ಲ, ಅಥವಾ ಕಡಿಮೆ ಹೊಡೆಯುತ್ತಿದ್ದ. ನಿಂತ ದಿನ ಮಾದೇವನಿಗೆ ದಾರಿಯಲ್ಲೇ, ಜನರ ಎದುರಿಗೇ ಬೀಳುತ್ತಿತ್ತು. ಅವಳಿಗೆ ಮನೆಗೆ ಬಂದ ಮೇಲೆ, ಬಾಗಿಲು ಹಾಕಿಕೊಂಡು. ಯಾವ ದೇವರಿಗೂ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಗೊತ್ತಿತ್ತು: ಆ ಹಲಗೆಯ ಕೆಳಗಿನ ಕಪ್ಪು ಪೆಟ್ಟಿಗೆಗೂ ತನ್ನ ಬೆನ್ನಿಗೂ ನಡುವೆ ಒಂದು ವೈರು ಹರಿದು ಬಂದಿದೆ.

ಇವತ್ತು ಆ ಸದ್ದು ಕೇಳಲಿಲ್ಲ. ಕೇಳಿದ್ದು ಗಂಡ ಚನ್ನಬಸವಣ್ಣನ ಗಂಟಲು.

"ಒಂದೇ ಗಳಿಗೆ ಬುದ್ದಿ," ಎನ್ನುತ್ತಿದ್ದ ಮಾದೇವ. ಜ್ವರ ಬಿಟ್ಟು ಎದ್ದು ಬಂದಿದ್ದ, ಕೊರಳು ಸೋರೆಬುರುಡೆಯ ಕತ್ತಿನ ಹಾಗೆ ಸಣ್ಣಗಾಗಿತ್ತು. "ಹಲ್ಗೆ ಎತ್ತಿ ನೋಡ್ಬುಡ್ತೀನಿ. ನಾ ಮಲಗಿದ್ದಾಗಿಂದ ಯಾರೂ ಮುಟ್ಟಿಲ್ಲ."

"ನೀನು ಹಲ್ಗೆ ಎತ್ತೋ ಹೊತ್ಗೆ ರಾವುಕಾಲ ಹೊಸ್ಲು ದಾಟ್ಬುಡ್ತದೆ. ಹತ್ತಲಾ."

"ದಾರೀಲಿ ನಿಂತ್ಗಂಡ್ರೆ ಬುದ್ದಿ..."

"ನಿಂತ್ಗಂಡ್ರೆ ನಿನ್ನ ಚರ್ಮ ಅದಲ್ಲ, ಅದ್ನೇ ಮಿಣಿ ಹೊಸೆದು ಕಟ್ಟಿ ಎಳುಸ್ತೀನಿ." ತನ್ನ ಮಾತಿಗೆ ತಾನೇ ನಕ್ಕ ಚನ್ನಬಸವಣ್ಣ. ಹಣೆಯ ಮೇಲೆ ಆಗತಾನೆ ಧರಿಸಿದ ವಿಭೂತಿ ನಗುವಿನ ಸುಕ್ಕಿನಲ್ಲಿ ಒಡೆಯಿತು. ತಂಗಿಯ ವೀಳ್ಯಶಾಸ್ತ್ರಕ್ಕೆ ಕೃಷ್ಣರಾಜನಗರದ ಬೀಗರ ಮನೆಗೆ ಹೊರಟಿದ್ದ ಅವನು. ಕಳೆದ ಸಲ ಅದೇ ಊರಿನ ಸಂತೆಬೀದಿಯಲ್ಲಿ ಮೋಟಾರು ನಿಂತುಹೋಗಿ, ಎತ್ತು ಕಟ್ಟಿ ಎಳೆಸಬೇಕಾಯಿತು. ಬೀಗರ ಮನೆಯ ಜಗಲಿಯ ಮೇಲೆ ಕೂತವರು ನಕ್ಕರಂತೆ. ಯಾರೋ ಮುದುಕ, "ಬೆಟ್ಟದಪುರದ ಸಾಹುಕಾರ್ರು ಎತ್ತಿಗೆ ಮೋಟಾರು ತೋರ್ಸಕ್ಕೆ ಬಂದವ್ರೆ" ಅಂದನಂತೆ. ಆ ಮಾತು ಚನ್ನಬಸವಣ್ಣನ ಹೊಟ್ಟೆಯಲ್ಲಿ ಇಳಿಯದೆ ನಿಂತಿತ್ತು. ಅವತ್ತು ರಾತ್ರಿ ನೀಲಾಂಬಿಕೆಯ ಎಡಗಿವಿಯೊಳಗೆ ಹುಟ್ಟಿದ ಗುಂಯ್ ಎನ್ನುವ ಸದ್ದು ಇನ್ನೂ ಹೋಗಿರಲಿಲ್ಲ. ಊಟ ಬಡಿಸುವಾಗ, ಪೂಜೆಗೆ ಕೂತಾಗ ಆ ಸದ್ದು ಏಳುತ್ತಿತ್ತು, ದೂರದಲ್ಲಿ ಯಾರೋ ಮೋಟಾರು ಓಡಿಸಿಕೊಂಡು ಬರುತ್ತಿರುವ ಹಾಗೆ.

"ಯಾರೂ ಮುಟ್ಟಿಲ್ಲ" ಎಂದಿದ್ದ ಮಾದೇವ. ಅವಳು ಮುಟ್ಟಿದ್ದಳು.

ಅವನು ಜ್ವರದಲ್ಲಿ ಮಲಗಿದ್ದಾಗ, ಒಂದು ಮಧ್ಯಾಹ್ನ, ಗಂಡ ಹೊಗೆಸೊಪ್ಪು ಬೇಯಿಸುವ ಮನೆಯ ಕಡೆಗೆ ಹೋಗಿದ್ದಾಗ, ಅವಳು ಮೋಟಾರು ನಿಲ್ಲಿಸುವ ಕೊಟ್ಟಿಗೆಗೆ ಹೋದಳು. ಒಳಗೆ ತೊಗಲಿನ ವಾಸನೆ, ಎಣ್ಣೆಯ ವಾಸನೆ, ಗಂಡನ ಬೆವರಿನ ವಾಸನೆ. ಸೀಟಿನ ಮೇಲೆ ಅವನು ಕೂತ ತಗ್ಗು ಹಾಗೇ ಇತ್ತು. ಅದನ್ನು ನೋಡಿ ಅವಳು ಸೆರಗು ಸರಿಮಾಡಿಕೊಂಡಳು. ಆಮೇಲೆ ನಾಚಿಕೆಯಾಯಿತು, ತಗ್ಗಿಗೆ ಹೆದರಿದೆನಲ್ಲ ಎಂದು. ಹಲಗೆ ಎತ್ತಿದಳು. ಹಿತ್ತಾಳೆ ಹಿಡಿಗಳ ಸುತ್ತ ಹಸಿರುಬಿಳಿ ಕಿಲುಬು ಸಣ್ಣಗೆ ಚಿಗುರಿತ್ತು. ಕಿಲುಬಿನ ವಿಷಯದಲ್ಲಿ ಅವಳಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಹಂಪಾಪುರದ ತವರಿನಲ್ಲಿ ಹಬ್ಬದ ಹಿಂದಿನ ದಿನ ಕೊಳಗ, ಕಡಾಯಿ, ದೀಪದ ಕಂಬ ಎಲ್ಲವನ್ನೂ ಬಾವಿಕಟ್ಟೆಯಲ್ಲಿ ಹರವಿಕೊಂಡು ಅವ್ವ ಅನ್ನುತ್ತಿದ್ದಳು, "ಬೂದಿ ಜಿಡ್ಡಿಗೆ ಕಣೇ, ಕಿಲುಬಿಗೆ ಹುಳೀನೇ ಆಗ್ಬೇಕು." ಮಾದೇವ ಗಂಡಸು, ಗಂಡಸಿಗೆ ಪಾತ್ರೆಯ ಮರ್ಮ ಏನು ಗೊತ್ತು, ಬೂದಿಯಲ್ಲಿ ಉಜ್ಜುತ್ತಾನೆ, ಅದಕ್ಕೇ ಮತ್ತೆ ಮತ್ತೆ ಕಿಲುಬು ಹತ್ತುತ್ತದೆ ಎಂದುಕೊಂಡಳು. ಹಳೆ ಹುಣಿಸೆಹಣ್ಣು ನೆನೆಸಿ, ಉಪ್ಪು ಬೆರೆಸಿ, ಅವನು ಸವರಿದ್ದ ಜಿಡ್ಡನ್ನೆಲ್ಲ ಕೆರೆದು ತೆಗೆದು, ಉಜ್ಜಿದಳು. ಬೆರಳ ತುದಿ ಉರಿಯಿತು. ಉಜ್ಜುತ್ತಾ ಉಜ್ಜುತ್ತಾ ಹಿತ್ತಾಳೆ ಬಂಗಾರವಾಯಿತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ತಾನು ಮಾಡಿದ ಕೆಲಸವನ್ನು ತಾನೇ ನಿಂತು ನೋಡಿದ್ದು ಅದೇ ಮೊದಲು. ಒಂದು ತಂಬಿಗೆ ನೀರು ಹೊಯ್ದು, ಹಲಗೆ ಮುಚ್ಚಿ, ಯಾರಿಗೂ ಹೇಳದೆ ಬಂದುಬಿಟ್ಟಳು. ಅವತ್ತು ರಾತ್ರಿ ಮಗ್ಗುಲಲ್ಲಿ ಗೊರಕೆ ಹೊಡೆಯುತ್ತಿದ್ದವನ ದಪ್ಪ ಕೈಯನ್ನು ನೋಡುತ್ತಾ, ನಿನ್ನ ಹೊಡೆತವನ್ನು ನಾನೇ ಕಟ್ಟಿಹಾಕಿ ಬಂದಿದ್ದೇನೆ, ನಿನಗೆ ಗೊತ್ತೇ ಇಲ್ಲ ಎಂದು ಒಳಗೊಳಗೇ ನಕ್ಕಿದ್ದಳು.

ಈಗ ಹಿಂದಿನ ಸೀಟಿನಲ್ಲಿ ವೀಳ್ಯದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಆ ನಗು ಬರಲಿಲ್ಲ. ಮಾದೇವ ಸೆಲ್ಫು ಒತ್ತಿದಾಗ ಮೋಟಾರು ಕೂಡಲೇ ಏಳಲಿಲ್ಲ. ಕೆಮ್ಮಿತು, ನರಳಿತು, ಆಮೇಲೆ ಎದ್ದಿತು. ಮಾದೇವ ಕಿವಿಗೊಟ್ಟ. ಅವಳೂ ಕಿವಿಗೊಟ್ಟಳು. ಮುಂದೆ ಅವನ ಪಕ್ಕ ಕೂತ ಚನ್ನಬಸವಣ್ಣನ ಕುತ್ತಿಗೆಯ ಹಿಂಭಾಗ ಅವಳ ಎದುರಿಗೇ ಇತ್ತು. ಕ್ಷೌರದವನು ಹೊಸದಾಗಿ ಬೋಳಿಸಿದ್ದ ಕುತ್ತಿಗೆ. ಅಲ್ಲೊಂದು ಮಚ್ಚೆ, ಮಚ್ಚೆಯಲ್ಲೊಂದು ಕೂದಲು. ಆ ಕೂದಲನ್ನು ಹಿಡಿದು ಎಳೆದರೆ ಇಡೀ ಮನುಷ್ಯನೇ ಹೊಲಿಗೆ ಬಿಚ್ಚಿದ ಚೀಲದ ಹಾಗೆ ಕಳಚಿ ಬೀಳಬಹುದೇನೋ ಅನ್ನಿಸಿತು. ಹೀಗೆಲ್ಲ ಅನ್ನಿಸಬಾರದು. ಕೊರಳಿನ ಲಿಂಗವನ್ನು ಹಿಡಿದುಕೊಂಡಳು. ಲಿಂಗ ತಣ್ಣಗಿತ್ತು.

ಹುಣಸೂರು ಇನ್ನೂ ದೂರವಿತ್ತು. ಕೆರೆ ಏರಿಯ ತಿರುವಿನಲ್ಲಿ ಹೊಗೆಸೊಪ್ಪಿನ ಗಾಡಿಗಳು ಸಾಲಾಗಿ ನಿಂತಿದ್ದವು. ಒಂದರ ಅಚ್ಚು ಮುರಿದು ದಾರಿಗೆ ಅಡ್ಡ ಕೂತಿತ್ತು. ಗಾಡಿಯವರು ಆಲದ ಮರದ ಕೆಳಗೆ ಒಲೆ ಹೂಡಿ ಹಿಟ್ಟು ಬೇಯಿಸುತ್ತಿದ್ದರು. ಮಾದೇವ ತಟ್ಟನೆ ಬ್ರೇಕು ತುಳಿದ. ಮೋಟಾರು ಮುಗ್ಗರಿಸಿ, ಒಮ್ಮೆ ಮೈ ಕೊಡವಿ, ಸುಮ್ಮನಾಯಿತು. ಮರದ ಮೇಲಿನ ಹಕ್ಕಿಗಳ ಸದ್ದು ಒಮ್ಮೆಲೇ ಕೇಳತೊಡಗಿತು. ಮಾದೇವ ಸೆಲ್ಫು ಒತ್ತಿದ. ಟಕ್. ಮತ್ತೆ ಒತ್ತಿದ. ಟಕ್. ನಾಲಗೆ ಅಂಗುಳಿಗೆ ಹೊಡೆದಷ್ಟೇ ಸದ್ದು. ಚನ್ನಬಸವಣ್ಣ ಏನೂ ಅನ್ನಲಿಲ್ಲ. ಅವನು ಏನೂ ಅನ್ನದ ಹೊತ್ತು ಯಾವುದು ಎಂದು ಅವಳ ಮೈಗೆ ಗೊತ್ತಿತ್ತು.

"ಏನ್ ಬುದ್ದಿ," ಎಂದು ಗಾಡಿಯವರಲ್ಲಿ ಒಬ್ಬ ಹತ್ತಿರ ಬಂದ, ಉಳಿದವರು ಅವನನ್ನು ನಂಜಣ್ಣ ಎಂದು ಕೂಗುತ್ತಿದ್ದರು. "ನಿಮ್ದೂ ಮಲಿಕ್ಕಂತಾ? ನಮ್ ಗಾಡೀಗೆ ಅಚ್ಚಾದ್ರೂ ಮುರಿದದೆ. ಇದ್ಕೇನಾಯ್ತು ರೋಗ, ಹುಲ್ಲಾ ನೀರಾ?"

ಮರದ ಕೆಳಗೆ ನಗು ಎದ್ದಿತು. ಕೆಟ್ಟ ನಗುವಲ್ಲ. ಹಸಿದು ಕೂತವರ ನಗು. ಚನ್ನಬಸವಣ್ಣ ಬಾಗಿಲು ತೆಗೆದು ಇಳಿದು, ಸುತ್ತಿ ಬಂದು, ಮಾದೇವನನ್ನು ಅಂಗಿಯ ಕತ್ತು ಹಿಡಿದು ಇಳಿಸಿದ. "ಬಿಚ್ಚು," ಎಂದ.

ಮಾದೇವ ಹಲಗೆ ಎತ್ತಿದ. ಹಿಂದಿನಿಂದ ಬಗ್ಗಿ ಅವಳೂ ನೋಡಿದಳು. ಅವಳು ಬಂಗಾರ ಮಾಡಿ ಬಿಟ್ಟುಬಂದ ಹಿಡಿಗಳ ಮೇಲೆ ಬಿಳಿಯದೊಂದು ಬೂಸಲು ಹತ್ತಿಯ ಹಾಗೆ ಉಬ್ಬಿ ಎದ್ದಿತ್ತು, ಹಿಂದೆಂದೂ ಇಲ್ಲದಷ್ಟು. ಹಿಡಿಯ ಸಂದಿನಲ್ಲಿ ಹುಣಿಸೆಯ ನಾರೊಂದು ಕಪ್ಪಗೆ ಹಸಿಯಾಗಿ ಸಿಕ್ಕಿಕೊಂಡಿತ್ತು. ಮಾದೇವ ಅದನ್ನು ಎಳೆದ. ಬೆರಳ ನಡುವೆ ತಿಕ್ಕಿದ. ಮೂಗಿನ ಹತ್ತಿರ ತಂದ. ಆಮೇಲೆ ಕಣ್ಣೆತ್ತಿ ಒಮ್ಮೆ, ಒಂದೇ ಒಂದು ಸಲ, ಅವಳ ಕಡೆ ನೋಡಿದ. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದಳು. ಅದು ಮನೆಯ ಹುಡುಗಿ ಅನ್ನ ಸೀಯಿಸಿದಾಗ ಅಣ್ಣ ನೋಡುವಂಥ ನೋಟ. ನಾರನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ಏನಲಾ ಅದು?"

"ನಂದೇ ತಪ್ಪು ಬುದ್ದಿ. ಜರ ಬಂದು ಮಲಿಕ್ಕಂಬುಟ್ಟೆ. ಕಿಲುಬು ತುಂಬ್ಕಂಡದೆ. ಒಂಚೂರು ಬೂದಿ ಇಸ್ಕಂಡು..."

ಮೊದಲ ಏಟು ಬಾಯಿಗೆ ಬಿತ್ತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಸದ್ದು. ಎರಡನೆಯದು ಕಿವಿಯ ಮೇಲೆ. ನೀಲಾಂಬಿಕೆಯ ಎಡಗಿವಿಯಲ್ಲಿ ಗುಂಯ್ ಎಂದಿತು. ಮಾದೇವ ಮಂಡಿಯೂರಿದ. ಚನ್ನಬಸವಣ್ಣ ಕಾಲಿನಿಂದ ಎಕ್ಕಡ ತೆಗೆದುಕೊಂಡ. ತಲೆಗೆ, ಕೆನ್ನೆಗೆ, ಮತ್ತೆ ತಲೆಗೆ. ಹೊಡೆಯುವಾಗ ಅವನು ಬೈಯುತ್ತಿರಲಿಲ್ಲ, ಉಸಿರು ಬಿಡುತ್ತಿದ್ದ, ಸೌದೆ ಒಡೆಯುವವರ ಹಾಗೆ ಹ್ಹಾ, ಹ್ಹಾ ಎಂದು. ಆ ಉಸಿರು ಅವಳಿಗೆ ಕತ್ತಲಿನಲ್ಲಿ ಪರಿಚಯವಿತ್ತು. ಹಗಲಿನಲ್ಲಿ, ಇಷ್ಟು ಬಿಸಿಲಿನಲ್ಲಿ, ಅದನ್ನು ಕಣ್ಣಾರೆ ನೋಡಿರಲಿಲ್ಲ. ತನ್ನನ್ನು ಹೊಡೆಯುವಾಗ ಅವನು ಹೀಗೆ ಕಾಣುತ್ತಾನೆ: ಕೆಳತುಟಿ ಮುಂದಕ್ಕೆ, ಕಣ್ಣು ಹೊಡೆಯುತ್ತಿರುವ ಕಡೆಗಲ್ಲ, ಸುತ್ತ ನಿಂತವರ ಕಡೆಗೆ. ಗಾಡಿಯವರ ನಗು ನಿಂತಿತ್ತು. "ಸಾಕು ಬುಡಿ ಬುದ್ದಿ, ಜರದೋನಂತೆ," ಎಂದ ನಂಜಣ್ಣ. ಆ ಮಾತಿಗೆ ಏಟು ಇನ್ನೂ ಜೋರಾಯಿತು. ಮಾದೇವ ತಲೆಗೆ ಅಡ್ಡ ಒಂದೇ ಕೈ ಹಿಡಿದಿದ್ದ. ಇನ್ನೊಂದು ಕೈ ಮುಷ್ಟಿಯಾಗಿಯೇ ಇತ್ತು. ಅದನ್ನು ಬಿಡಿಸಿಕೊಂಡರೆ ಅರ್ಧ ಏಟನ್ನಾದರೂ ತಡೆಯಬಹುದಿತ್ತು. ಅವನು ಬಿಡಿಸಲಿಲ್ಲ. ಆ ಮುಷ್ಟಿಯೊಳಗೆ ತಾನು ಕೂತಿದ್ದೇನೆ, ಒಂದು ನಾರಿನಷ್ಟಾಗಿ, ಹಸಿಯಾಗಿ, ಎನ್ನಿಸಿತು ಅವಳಿಗೆ.

ವೀಳ್ಯದ ಬುಟ್ಟಿ ಉರುಳಿತು. ಅವಳು ಇಳಿದಿದ್ದಳು.

"ಅವನಲ್ಲ," ಎಂದಳು. ದನಿ ಬಹಳ ಸಣ್ಣದಾಗಿ ಬಂತು. ಮತ್ತೆ ಹೇಳಿದಳು. "ಅವನಲ್ಲಾಂದ್ರೆ. ನಾನು ಉಜ್ಜಿದ್ದು. ಹುಣಿಸೇಹಣ್ಣು ಹಾಕಿ ನಾನೇ ಉಜ್ಜಿದೆ, ಕಿಲುಬು ಹೋಗ್ಲಿ ಅಂತ."

ಎಕ್ಕಡ ಗಾಳಿಯಲ್ಲಿ ನಿಂತಿತು. ನಿಜ ಹೇಳಿದರೆ ಏಟು ನಿಲ್ಲುತ್ತದೆ ಎಂದು ಅವಳು ಯಾಕೆ ನಂಬಿದ್ದಳೋ. ಚನ್ನಬಸವಣ್ಣ ಅವಳನ್ನು ನೋಡಿದ, ಮಾದೇವನನ್ನು ನೋಡಿದ, ಮುಚ್ಚಿದ ಮುಷ್ಟಿಯನ್ನು ನೋಡಿದ. ಎಕ್ಕಡ ಇನ್ನೂ ಇದ್ದ ಕಾಲಲ್ಲಿ ಆ ಮುಷ್ಟಿಯನ್ನು ತುಳಿದ. ತುಳಿದು, ಹೊಗೆಸೊಪ್ಪಿನ ತುಂಡು ಹೊಸಕುವ ಹಾಗೆ ತಿರುಗಿಸಿದ. ಬೆರಳು ಬಿಚ್ಚಿಕೊಂಡವು. ನಾರು ಮಣ್ಣಿಗೆ ಬಿತ್ತು.

"ಮುಚ್ಚಿಟ್ಕಂಡಿದ್ನಾ ಇವನು?" ಎಂದ, ಬಹಳ ಮೆಲ್ಲಗೆ. "ನಿನ್ನ ಕೈಕೆಲ್ಸಾನ ಇವನು ಮುಚ್ಚಿಟ್ಕತಾನಾ? ಯಾಕೇ? ಎಷ್ಟು ದಿನದಿಂದ ನಡೀತಾ ಅದೆ ಇದು?"

"ಏನು ನಡೀತಾ ಅದೆ? ಬ್ಯಾಟರಿ ತೊಳ್ದೆ, ಅಷ್ಟೇಯ."

ಕಪಾಳಕ್ಕೆ ಬಿದ್ದ ಏಟಿಗೆ ಅವಳು ಮೋಟಾರಿನ ಗಾಲಿಯ ಮೇಲಿನ ರೆಕ್ಕೆಗೆ ತಗುಲಿ ಕೂತಳು. ಕಾದ ತಗಡು ತೋಳನ್ನು ಸುಟ್ಟಿತು. ಗಾಡಿಯವರೆಲ್ಲ ಎದ್ದು ನಿಂತಿದ್ದರು. ಅವರ ನಡುವೆ ಒಬ್ಬ ಮುದುಕ ಅವಳಿಗೆ ಮುಜುಗರವಾಗದಿರಲೆಂದು ಬೇಕಂತಲೇ ಮರದ ಕಡೆ ತಿರುಗಿ ನಿಂತ. ಆ ಬೆನ್ನು ಕಂಡಾಗ ಮಾತ್ರ ಅವಳಿಗೆ ಅಳು ಬಂತು. ಚನ್ನಬಸವಣ್ಣ ಮಾದೇವನ ಪಕ್ಕೆಗೆ ಒದ್ದ. ಒಮ್ಮೆ, ಆಮೇಲೆ ಒಮ್ಮೆ. ಮಾದೇವ ಬಾಗಿಲ ಕೆಳಗೆ ಮುದುರಿ ಬಿದ್ದ, ತುಟಿಯಿಂದ ರಕ್ತ ಮಣ್ಣಿಗೆ ತೊಟ್ಟಿಕ್ಕಿ ಉಂಡೆಯಾಯಿತು. ಜಜ್ಜಿದ ಬೆರಳುಗಳನ್ನು ಎದೆಗೆ ಒತ್ತಿಕೊಂಡಿದ್ದ.

"ಬೂದಿನೂ ಬ್ಯಾಡ ಹುಳಿನೂ ಬ್ಯಾಡ," ಎಂದು ಚನ್ನಬಸವಣ್ಣ ಗಾಡಿಯವರಿಗೆ ಕೇಳಿಸುವ ಹಾಗೆ ಕೂಗಿದ. "ನನ್ನ ಮೋಟಾರ ನಾನೇ ಎಬ್ಬುಸ್ತೀನಿ." ಸೀಟಿನ ಕೆಳಗಿಂದ, ತಿರುಗಿಸಿ ಮೋಟಾರು ಎಬ್ಬಿಸುವ ಕಬ್ಬಿಣದ ಹ್ಯಾಂಡ್ಲು ಎಳೆದುಕೊಂಡು ಮುಂದಕ್ಕೆ ಹೋದ. ಮೂತಿಯ ಕೆಳಗಿನ ತೂತಿಗೆ ಅದನ್ನು ಸಿಕ್ಕಿಸಿದ. "ಏಯ್, ಹತ್ತೇ. ಕೂತ್ಕೋ ಅಲ್ಲಿ. ಸ್ಟೇರಿಂಗಿನತ್ರ ಅದಲ್ಲ ಕಡ್ಡಿ, ಅದನ್ನ ಮ್ಯಾಕೆ ಎತ್ತು."

ಅವಳು ಹತ್ತಿ ಮಾದೇವನ ಜಾಗದಲ್ಲಿ ಕೂತಳು. ಸ್ಟೇರಿಂಗ್ ಚಕ್ರದ ಕೆಳಗೆ ಕಡ್ಡಿ ಇತ್ತು. ಅದರ ಕತೆ ಅವಳಿಗೆ ಗೊತ್ತಿತ್ತು. ಅಡುಗೆಮನೆಯ ಕಿಟಕಿಯಿಂದ ಎಷ್ಟು ಸಲ ಕೇಳಿದ್ದಳು. ಹ್ಯಾಂಡ್ಲು ಹೊಡೆಯುವ ಮುಂಚೆ ಮಾದೇವ ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತಿದ್ದ. ಮರೆತೆನೋ ಎಂದು ಮತ್ತೆ ಬಂದು ಮುಟ್ಟಿ ನೋಡುತ್ತಿದ್ದ. ಹಾಲು ಕರೆಯಲು ಬಂದ ಚಿಕ್ಕಬಸಮ್ಮ ಒಮ್ಮೆ ಅವನನ್ನು ಹಂಗಿಸಿದ್ದಳು, "ಎಷ್ಟು ಸರ್ತಿ ಮುಟ್ಟೀಯೋ, ಲಿಂಗವೇನೋ ಅದು?" ಎಂದು. "ಓಡೋವಾಗ ಕೆಳಗಿರ್ಬೇಕು ಕಣಕ್ಕ, ಎಬ್ಸೋವಾಗ ಮೇಲಿರ್ಬೇಕು," ಅಂದಿದ್ದ ಮಾದೇವ. "ಕೆಳಗಿದ್ದಂಗೇ ಹ್ಯಾಂಡ್ಲು ಹೊಡದ್ರೆ ತಿರುಗಿ ಒದೀತದೆ. ಕೈ ಮುರೀತದೆ. ನನ್ನ ಗುರು ಕೈ ಮುರಿದದ್ದು ನಾನೇ ನೋಡಿವ್ನಿ, ಕಬ್ಬಿನ ಜಲ್ಲೆ ಲಟುಕ್ಕಂದಂಗಾಯ್ತು."

ಈಗ ಕಡ್ಡಿ ಕೆಳಗಿತ್ತು, ಓಡುತ್ತಾ ನಿಂತಾಗ ಇದ್ದ ಹಾಗೇ. ಅದರ ಮೇಲೆ ಕೈ ಇಟ್ಟಳು. ಮಾದೇವನ ಬೆರಳು ಸವೆಸಿ ನುಣ್ಣಗಾಗಿದ್ದ ಕಡ್ಡಿ. ತುಸುವೇ ಎತ್ತಿದರೆ ಸಾಕು, ಹೂವಿನಷ್ಟು ಹಗುರ. ಎದುರಿನ ಗಾಜಿನಾಚೆ ಗಂಡನ ಬಗ್ಗಿದ ಬೆನ್ನು, ಮುಂಡಾಸಿನ ಅಂಚು. ಈ ಬೆನ್ನನ್ನು ಎಣ್ಣೆ ಹಚ್ಚಿ ನೀವಿದ್ದಾಳೆ. ಅವಳ ಕೈಯಿಂದ ಇನ್ನೂ ಹುಣಿಸೆಯ ವಾಸನೆ ಬರುತ್ತಿದೆ ಎನ್ನಿಸಿತು, ಅಷ್ಟು ದಿನವಾಗಿದ್ದರೂ. ಕೆಳಗಿನಿಂದ ಮಾದೇವ ತಲೆಯೆತ್ತಿ ನೋಡುತ್ತಿದ್ದ. ತೆರೆದ ಬಾಗಿಲಿನಲ್ಲಿ ಅವನಿಗೆ ಅವಳ ಕೈ ಕಾಣುತ್ತಿತ್ತು, ಕೈ ಅಲುಗದೆ ಇರುವುದೂ ಕಾಣುತ್ತಿತ್ತು.

"ಎತ್ತಿದ್ಯೇನೇ?" ಎಂದ ಚನ್ನಬಸವಣ್ಣ.

"ಅಮ್ಮಾವ್ರೇ," ಎಂದ ಮಾದೇವ ರಕ್ತದ ಬಾಯಲ್ಲಿ, ಪಿಸುಮಾತಿನಲ್ಲಿ. "ಮ್ಯಾಕೆ. ಮ್ಯಾಕೆ ಎತ್ತಿ ಅಮ್ಮಾವ್ರೇ."

"ಎತ್ತಿದೀನಿ," ಎಂದಳು ನೀಲಾಂಬಿಕೆ ಗಂಡನಿಗೆ.

ಅವನು ಇಡೀ ಮೈಯ ಸಿಟ್ಟನ್ನು ತೋಳಿಗೆ ತಂದು ಹ್ಯಾಂಡ್ಲು ತಿರುಗಿಸಿದ. ಮೋಟಾರು ಒಮ್ಮೆ ಸಿಡಿಯಿತು. ಅವಳ ಕೈಕೆಳಗೆ ಕಬ್ಬಿಣ ನಡುಗಿತು. ಆಮೇಲೆ ಮಾದೇವ ಹೇಳಿದ್ದ ಅದೇ ಸದ್ದು. ಕಬ್ಬಿನ ಜಲ್ಲೆ. ಅದು ಅಷ್ಟು ಸಣ್ಣ ಸದ್ದಾಗಿರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ಅದರ ನಂತರ ಬಂದದ್ದು ದೊಡ್ಡದು. ಚನ್ನಬಸವಣ್ಣ ದಾರಿಯ ನಡುವೆ ಕೂತು ಕೂಗುತ್ತಿದ್ದ, ಬೀಜ ಒಡೆಸಿಕೊಳ್ಳುವ ಹೋರಿಯ ಹಾಗೆ. ಮಣಿಕಟ್ಟಿನ ಕೆಳಗೆ ಕೈ ಬೇರೆಯೇ ಒಂದು ದಿಕ್ಕಿಗೆ ನೋಡುತ್ತಿತ್ತು. ಬಿಳಿಯದೇನೋ ಚರ್ಮ ಸೀಳಿ ಹೊರಗೆ ಬಂದಿತ್ತು. ಅದನ್ನು ನೋಡಿದಾಗ ಅವಳಿಗೆ ಕರುಣೆ ಬರಲಿಲ್ಲ, ಸಂತೋಷವೂ ಬರಲಿಲ್ಲ. ಎಡಗಿವಿಯ ಗುಂಯ್ ನಿಂತಿತ್ತು. ಅದೊಂದೇ ತಿಳಿಯಿತು.

ಗಾಡಿಯವರು ಓಡಿಬಂದರು. ಯಾರೋ ಪಂಚೆ ಹರಿದು ಕಟ್ಟಿದರು, ಯಾರೋ ನೀರು ಚುಮುಕಿಸಿದರು. ನೋವಿನ ನಡುವೆಯೂ ಚನ್ನಬಸವಣ್ಣ ತಲೆಯೆತ್ತಿದ. "ಕಡ್ಡಿ," ಎಂದ. "ಮಾದೇವಾ. ಕಡ್ಡಿ ಎಲ್ಲಿ ಅದೆ ನೋಡ್ಲಾ."

ಮಾದೇವ ಬಾಗಿಲು ಹಿಡಿದು ಎದ್ದ. ಅವಳ ಕೈ ಇನ್ನೂ ಅಲ್ಲೇ ಇತ್ತು. ಅವನು ಅದನ್ನು ಮುಟ್ಟದೆ, ಪಕ್ಕದಿಂದ, ಸರಿಯಿದ್ದ ಕೈಯ ಒಂದು ಬೆರಳಿನಲ್ಲಿ ಕಡ್ಡಿಯನ್ನು ಮೇಲಕ್ಕೆ ತಳ್ಳಿದ. ಅವಳ ಮುಖವನ್ನು ನೋಡಲಿಲ್ಲ.

"ಮೇಲೇ ಅದೆ ಬುದ್ದಿ," ಎಂದ. "ಹಳೇ ಮೋಟಾರು. ಒಂದೊಂದ್ ಸರ್ತಿ ಅಂಗೇ ಒದ್ದುಬುಡ್ತದೆ."

ಆಮೇಲೆ ನಂಜಣ್ಣನ ಒಲೆಯಿಂದ ಒಂದು ಹಿಡಿ ಬೂದಿ ಇಸಕೊಂಡು, ನೀರಲ್ಲಿ ಕಲಸಿ, ಹಿಡಿ ಸಡಿಲಿಸಿ, ಬಿಳಿ ಬೂಸಲನ್ನು ತೊಳೆದು, ಚಾಕುವಿನಲ್ಲಿ ಕೆರೆದು, ಒರೆಸಿ, ಬಿಗಿದ. ಜಜ್ಜಿದ ಬೆರಳಿಂದ ರಕ್ತ ಹಿತ್ತಾಳೆಗೆ ಹತ್ತಿತು. ಅದನ್ನೂ ಒರೆಸಿದ. ಸೆಲ್ಫು ಒತ್ತಿದ. ಮೋಟಾರು ಕೂಡಲೇ ಎದ್ದಿತು. ಇಷ್ಟೇ ಬೇಕಾಗಿತ್ತು. ಗಾಡಿಯವರು ಅಚ್ಚು ಮುರಿದ ಗಾಡಿಯನ್ನು ಹೆಗಲು ಕೊಟ್ಟು ಪಕ್ಕಕ್ಕೆ ಸರಿಸಿದರು. ಚನ್ನಬಸವಣ್ಣನನ್ನು ಹಿಂದಿನ ಸೀಟಿಗೆ ಎತ್ತಿ ಕೂರಿಸಿದರು. ಅವಳು ಅವನ ಪಕ್ಕ ಹತ್ತಿ ಕೂತಳು. "ಹುಣಸೂರು ಆಸ್ಪತ್ರೆಗೆ ಬೇಗ ಕರ್ಕಂಡೋಗವ್ವ," ಎಂದ ನಂಜಣ್ಣ, ಅವಳ ಊದಿದ ಕೆನ್ನೆಯನ್ನು ನೋಡದ ಹಾಗೆ ಮಾಡಿ.

ಚನ್ನಬಸವಣ್ಣ ಅವಳ ಹೆಗಲಿಗೆ ಒರಗಿದ. "ಹಿಡ್ಕೋ," ಎಂದ. "ಅಲುಗ್ದಂಗೆ ಹಿಡ್ಕೊಳೇ ನೀಲಾ." ಅವನ ಬಾಯಲ್ಲಿ ತನ್ನ ಹೆಸರನ್ನು ಕೇಳಿ ಎಷ್ಟು ಕಾಲವಾಗಿತ್ತು. ಮುರಿದ ಕೈಯನ್ನು ಅವಳ ತೊಡೆಯ ಮೇಲಿಟ್ಟ. ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಷ್ಟು ವರ್ಷ ತನ್ನ ಮೇಲೆ ಬಂದು ಬಿದ್ದ ಕೈ, ಬಿಸಿಯಾಗಿ, ಭಾರವಾಗಿ, ಹಸುಗೂಸಿನ ಹಾಗೆ ನಂಬಿಕೊಂಡು ಮಲಗಿತ್ತು. ಕಾಲಕೆಳಗೆ ವೀಳ್ಯದೆಲೆಗಳು ಚೆಲ್ಲಿದ್ದವು. ಮೋಟಾರು ಹೊರಟಿತು. ಮಾದೇವ ಒಂದೇ ಕೈಯಲ್ಲಿ ಚಕ್ರ ತಿರುಗಿಸುತ್ತಾ, ಒಂದೊಂದು ಹಳ್ಳವನ್ನೂ ನೋಡಿ ನೋಡಿ ಬಳಸಿಕೊಂಡು ಹೋಗುತ್ತಿದ್ದ. ಒಂದು ಹಳ್ಳ ಮಾತ್ರ ತಪ್ಪಿಸಲಾಗಲಿಲ್ಲ. ಚನ್ನಬಸವಣ್ಣ ಚೀರಿ ಅವಳ ಎದೆಯಲ್ಲಿ ಮುಖ ಹುದುಗಿಸಿದ. ಆ ಚೀರಾಟ ಅವಳ ಬೆರಳುಗಳ ಮೂಲಕ ಮೇಲಕ್ಕೆ ಹರಿದು ಬಂದು ಎದೆಯಲ್ಲಿ ಏನನ್ನೋ ಬೆಳಗಿಸಿತು, ದೀಪವಲ್ಲ, ಕಿಡಿ.

ಮುಂದೆ ದಾರಿ ಇನ್ನೂ ಕೆಟ್ಟಿತ್ತು. ಮಳೆಗೆ ಕೊಚ್ಚಿಹೋಗಿ ಕಲ್ಲೆಲ್ಲ ಎದ್ದು ಕೂತಿದ್ದವು.

"ಮಾದೇವ," ಎಂದಳು ನೀಲಾಂಬಿಕೆ, ಗಂಡನ ತಲೆ ಸವರುತ್ತಾ. ದನಿ ಮೃದುವಾಗಿತ್ತು, ಯಾರು ಕೇಳಿದರೂ ಒಳ್ಳೆಯ ಹೆಂಡತಿ ಅನ್ನುವ ಹಾಗೆ. "ಬೇಗ ಓಡ್ಸು. ಇನ್ನೂ ಬೇಗ ಓಡ್ಸು."

ಅವನು ಎದುರಿನ ಕಲ್ಲುಗಳನ್ನು ನೋಡಿದ.

"ಆಗ್ಲಿ ಅಮ್ಮಾವ್ರೇ," ಎಂದ ಮಾದೇವ. ಮೋಟಾರು ಇನ್ನಷ್ಟು ನಿಧಾನವಾಯಿತು.